ಎದೆಗೆ ಚುಚ್ಚುಗಾಯವಾದಾಗ ಗಾಯಾಳುವಿನ ಭಂಗಿ: ತೋಟದ ಕೆಲಸಗಾರರು ಹಾಗೂ ಮಾಲೀಕರ ತಿಳುವಳಿಕೆಗಾಗಿ

ಗೋಣಿಬೀಡು ಹೋಬಳಿಯೂ ಸೇರಿದಂತೆ ಮೂಡಿಗೆರೆ, ಕಳಸ ಭಾಗದ ಕಾಫಿ ತೋಟಗಳಲ್ಲಿ ಮರಗಸಿ ಹಾಗೂ ಕಾಳುಮೆಣಸು ಕೊಯ್ಲಿನ ದಿನಗಳಲ್ಲಿ ಏಣಿಯಿಂದಲೋ ಸಿಲ್ವರ್ ಓಕ್ ಮರದಿಂದಲೋ ಜಾರಿ ಬೀಳುವ ಅಪಾಯ ಇದ್ದೇ ಇರುತ್ತದೆ. ಹೀಗೆ ಬಿದ್ದಾಗ ಮುರಿದ ಪಕ್ಕೆಲುಬಿನ ಮೊನೆಯು ಶ್ವಾಸಕೋಶವನ್ನು ಚುಚ್ಚಬಹುದು. ಕಡಿದ ಗಿಡದ ಮೋಟಾಗಲಿ ಕಾಟಿಯ ಕೊಂಬಾಗಲಿ ಹೊರಗಿನಿಂದಲೇ ಎದೆಯನ್ನು ತೂರಬಹುದು. ಅಂತಹ ಗಾಯಾಳುವನ್ನು ಪಿಕಪ್ ವಾಹನದ ಹಿಂಬದಿಯಲ್ಲಿ ಅಂಗಾತ ಮಲಗಿಸಿ ಸಾಗಿಸುವುದು ಸಾಮಾನ್ಯ ರೂಢಿ. ಉಸಿರಾಟದ ದೃಷ್ಟಿಯಿಂದ ಇದು ಹಿತಕರವಲ್ಲ.

ಶ್ವಾಸಕೋಶವು ರಬ್ಬರಿನಂತೆ ತಾನಾಗಿಯೇ ಕುಗ್ಗುವ ಸ್ವಭಾವದ್ದು. ಅದರ ಹೊರಪೊರೆ ಮತ್ತು ಎದೆಗೂಡಿನ ಒಳಪೊರೆಗಳ ನಡುವಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ ಇರುವುದರಿಂದಲೇ ಅದು ಅರಳಿ ನಿಂತಿರುತ್ತದೆ. ತೂತಾದೊಡನೆ ಆ ನಡುವಿನ ಜಾಗಕ್ಕೆ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತದೆ. ವೈದ್ಯರು ಇದನ್ನು ನ್ಯುಮೋಥೊರಾಕ್ಸ್ ಎನ್ನುತ್ತಾರೆ.

ಎಚ್ಚರವಿರುವ ಗಾಯಾಳುವನ್ನು ಒರಗಿಸಿ ಕೂರಿಸಿ, ಪೆಟ್ಟು ಬಿದ್ದ ಕಡೆಗೆ ಸ್ವಲ್ಪ ವಾಲುವಂತೆ ಆಸರೆ ಕೊಡಬೇಕು. ಕುಳಿತಾಗ ಹೊಟ್ಟೆಯ ಭಾರ ವಪೆಯ ಮೇಲೆ ಬೀಳದೆ ಉಸಿರು ಸಲೀಸಾಗುತ್ತದೆ. ಗಾಯದ ಕಡೆಗೆ ವಾಲಿದಾಗ ಆ ಭಾಗದ ಪಕ್ಕೆಲುಬುಗಳ ಅಲುಗಾಟ ತಗ್ಗಿ ನೋವು ಕಡಿಮೆಯಾಗುತ್ತದೆ, ಆರೋಗ್ಯವಂತ ಶ್ವಾಸಕೋಶ ಅಡೆತಡೆಯಿಲ್ಲದೆ ಅರಳುತ್ತದೆ. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಗಾಯದ ಮಗ್ಗುಲು ಕೆಳಗೆ ಬರುವಂತೆ ಹೊರಳಿಸಿ ಮಲಗಿಸಬೇಕು. ಇಲ್ಲವಾದರೆ ಗಾಯಗೊಂಡ ಶ್ವಾಸಕೋಶದಿಂದ ಶ್ವಾಸನಾಳಕ್ಕೆ ಬಂದ ರಕ್ತವು ಚೆನ್ನಾಗಿರುವ ಶ್ವಾಸಕೋಶಕ್ಕೂ ಇಳಿಯಬಹುದು.

ಒಂದು ಕಡೆಯ ನ್ಯುಮೋನಿಯಾ ಇರುವ ರೋಗಿಯನ್ನು ಆಸ್ಪತ್ರೆಯಲ್ಲಿ ಒಳ್ಳೆಯ ಮಗ್ಗುಲು ಕೆಳಗಾಗುವಂತೆ ಮಲಗಿಸುವುದನ್ನು ಕಂಡವರಿಗೆ ಇದು ತಿರುವುಮುರುವಾಗಿ ತೋರೀತು. ಕೆಳಗಿರುವ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಯುವುದರಿಂದ ನ್ಯುಮೋನಿಯಾದಲ್ಲಿ ಆ ಕ್ರಮ ಸರಿಯೇ. ಚುಚ್ಚುಗಾಯದಲ್ಲಿ ಗಾಳಿಯ ಸೋರಿಕೆ ಹಾಗೂ ರಕ್ತಸ್ರಾವದ ಚಿಂತೆ ಮುಖ್ಯ. ಸೂಜಿಯಿಂದ ಶ್ವಾಸಕೋಶದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ನಂತರವೂ ಅನೇಕ ಆಸ್ಪತ್ರೆಗಳಲ್ಲಿ ಚುಚ್ಚಿದ ಮಗ್ಗುಲು ಕೆಳಗಾಗುವಂತೆ ಮಲಗಿಸುತ್ತಾರೆ. ಕೆಳಭಾಗದ ಗಾಳಿಚೀಲಗಳು ದೇಹದ ಭಾರಕ್ಕೆ ಕಿರಿದಾಗಿ, ತೂತಿನ ಅಂಚುಗಳು ಹತ್ತಿರ ಬಂದು ಸೋರಿಕೆ ತಗ್ಗುತ್ತದೆ ಎಂಬುದು ಇದರ ಹಿಂದಿನ ವಿವರಣೆ. ಆದರೆ ಭಂಗಿಯಿಂದ ತೂತು ವಾಸಿಯಾಗದು. ಆಸ್ಪತ್ರೆ ಸೇರುವವರೆಗೆ ಉಸಿರಿಗೆ ಒಂದಷ್ಟು ಅನುಕೂಲವಾಗುತ್ತದೆ, ಅಷ್ಟೇ.

ಎತ್ತರದಿಂದ ಬಿದ್ದವರ ವಿಷಯದಲ್ಲಿ ನಿಜವಾದ ತೊಡಕು ಬೆನ್ನುಮೂಳೆಯದು. ಕತ್ತು ಅಥವಾ ಬೆನ್ನು ನೋವು, ಕೈಕಾಲುಗಳಲ್ಲಿ ಜೋಮು ಅಥವಾ ಬಲಹೀನತೆ ಇದ್ದಲ್ಲಿ ಎಬ್ಬಿಸಿ ಕೂರಿಸದೆ, ತಲೆ ಮತ್ತು ಕತ್ತನ್ನು ಅಲುಗದಂತೆ ಹಿಡಿದು 108 ಆಂಬ್ಯುಲೆನ್ಸ್‌ಗಾಗಿ ಕಾಯುವುದು ಸೂಕ್ತ. ವಾಂತಿಯಾದರೆ ಅಥವಾ ಬಾಯಲ್ಲಿ ರಕ್ತ ತುಂಬಿದರೆ ಉಸಿರೇ ಮೊದಲು: ಮೂರು ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರುವಂತೆ ಒಟ್ಟಿಗೆ ಹೊರಳಿಸತಕ್ಕದ್ದು.

ಎದೆಗೆ ಪಂಚೆ ಅಥವಾ ಟವೆಲನ್ನು ಬಿಗಿಯಾಗಿ ಸುತ್ತಬಾರದು. ಚುಚ್ಚಿಕೊಂಡಿರುವ ಕಡ್ಡಿ, ಕತ್ತಿಗಳನ್ನು ಕೀಳಬಾರದು. ಗಾಳಿ ಎಳೆಯುತ್ತಿರುವ ಗಾಯಕ್ಕೆ ಪ್ಲಾಸ್ಟಿಕ್ ಅಂಟಿಸಿ ಪೂರ್ತಿ ಮುಚ್ಚಿದರೆ ಒಳಗಿನ ಗಾಳಿ ಹೊರಬರಲಾಗದೆ ಹೃದಯವನ್ನೇ ಒತ್ತಬಹುದು. ಆದ್ದರಿಂದ ಅದನ್ನು ತೆರೆದೇ ಬಿಡಬೇಕು. ರಕ್ತ ಸುರಿಯುತ್ತಿದ್ದರೆ ಮಾತ್ರ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಬಟ್ಟೆ ತೊಯ್ದರೆ ಬದಲಿಸಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ನೀರು, ಕಾಫಿ ಕೊಡಬಾರದು.

ಉಸಿರು ಕ್ಷಣಕ್ಷಣಕ್ಕೂ ಏರುತ್ತಿದ್ದು, ತುಟಿ ನೀಲಿಯಾಗಿ, ಕತ್ತಿನ ನರಗಳು ಉಬ್ಬಿದರೆ ಎದೆಯೊಳಗೆ ಗಾಳಿಯ ಒತ್ತಡ ಏರುತ್ತಿದೆಯೆಂದು ಶಂಕಿಸಬೇಕು. ಆಗ ಯಾವ ಭಂಗಿಯೂ ಸಾಲದು. ವೈದ್ಯರು ಸೂಜಿ ಅಥವಾ ಕೊಳವೆ ಹಾಕಿ ಗಾಳಿಯನ್ನು ಹೊರಬಿಡಬೇಕಾಗುತ್ತದೆ. ಕೊಳವೆ ಹಾಕಿದ ಗಾಯಾಳುವನ್ನು ಘಾಟಿಯ ದಾರಿಯಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವಾಗ, ಅದಕ್ಕೆ ಜೋಡಿಸಿದ ನೀರಿನ ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ, ನೆಟ್ಟಗೆ ಹಿಡಿದಿರಬೇಕು. ಮೇಲಕ್ಕೆತ್ತಿದರೆ ಅದರ ನೀರು ಮರಳಿ ಎದೆಯೊಳಕ್ಕೆ ಹರಿಯುತ್ತದೆ.