ಸಾಂಬ್ರ್–ವಾಜ್ ಕಾಲುವೆ: ಕಲ್ಲಿದ್ದಲಿನ ದಾರಿ, ಕದನದ ಕಂದಕ

ಉತ್ತರ ಫ್ರಾನ್ಸ್‌ನಲ್ಲಿ ಹುಟ್ಟುವ ಸಾಂಬ್ರ್ ನದಿ ಬೆಲ್ಜಿಯಂ ಕಡೆಗೆ ಹರಿದು ಮ್ಯೂಸ್ ನದಿಯನ್ನು ಸೇರುತ್ತದೆ. ಅದರ ನೆರೆಯ ವಾಜ್ ನದಿ ಹೋಗುವುದು ಪ್ಯಾರಿಸ್ ಕಡೆಗೆ. ಹೀಗೆ ಬೇರೆ ಬೇರೆ ದಿಕ್ಕು ಹಿಡಿದ ಈ ಎರಡನ್ನೂ ಜೋಡಿಸುವುದು ಲಾಂಡ್ರೆಸಿಯಿಂದ ಲಾ ಫೇರ್‌ವರೆಗೆ ಸುಮಾರು 67 ಕಿಲೋಮೀಟರ್ ಉದ್ದದ ಕಾಲುವೆ. ಬೆಲ್ಜಿಯಂನ ಶಾರ್ಲ್‌ರ್ವಾ ಗಣಿಗಳ ಕಲ್ಲಿದ್ದಲನ್ನು ಪ್ಯಾರಿಸ್‌ಗೆ ಸಾಗಿಸಲೆಂದು 1839ರಲ್ಲಿ ಇದನ್ನು ತೆರೆಯಲಾಯಿತು. ನಡುವಿನ ಏರುತಗ್ಗು ದಾಟಲು 38 ಲಾಕ್‌ಗಳಿವೆ. ದೋಣಿ ಒಳಗೆ ಬಂದ ಮೇಲೆ ಗೇಟು ಮುಚ್ಚಿ, ನೀರು ತುಂಬಿಸಿ ಅಥವಾ ಖಾಲಿ ಮಾಡಿ, ಅದನ್ನು ಮುಂದಿನ ಮಟ್ಟಕ್ಕೆ ತರುತ್ತಾರೆ.

ಮೊದಲ ಮಹಾಯುದ್ಧದ ಕೊನೆಗೆ, 1918ರ ನವೆಂಬರ್‌ನಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆಗೆ ಇದೇ ಕಾಲುವೆ ಕಂದಕವಾಯಿತು. ಅಗಲ ಹೆಚ್ಚಿರಲಿಲ್ಲ, ಆದರೆ ನಡೆದು ದಾಟುವಷ್ಟು ಆಳ ಕಡಿಮೆಯೂ ಇರಲಿಲ್ಲ. ಆಚೆ ದಡದಲ್ಲಿ ಮೆಷಿನ್‌ಗನ್‌ಗಳು ಕಾದಿದ್ದವು. ನವೆಂಬರ್ 4ರ ಬೆಳಗಿನ ಜಾವ ಬ್ರಿಟಿಷ್ ಪಡೆಗಳು ದಾಳಿ ಆರಂಭಿಸಿದವು.

ಕ್ಯಾಟಿಲ್ಯೊಂ ಬಳಿ ಸಸೆಕ್ಸ್ ರೆಜಿಮೆಂಟಿನವರು ಕಾಲುವೆ ಕಿರಿದಾಗುವ ಲಾಕ್ ಒಂದನ್ನು ಆರಿಸಿಕೊಂಡು, ಅದರ ಮೇಲೆ ಸೇತುವೆ ಹಾಸಿ ದಾಟಿದರು. ಆರ್ಸ್ ಹಳ್ಳಿಯಲ್ಲಿ ಅಂಥ ಅನುಕೂಲವಿರಲಿಲ್ಲ. ಅಲ್ಲಿ ತೇಲುಸೇತುವೆ ಕಟ್ಟುತ್ತಿದ್ದ ಎಂಜಿನಿಯರ್ ಪಡೆಯವರು ಒಬ್ಬೊಬ್ಬರಾಗಿ ಗುಂಡೇಟಿಗೆ ಉರುಳಿದರು. ಕೊನೆಗೆ ಮೇಜರ್ ಆರ್ನಲ್ಡ್ ವಾಟರ್ಸ್ ಮತ್ತು ಸೈನಿಕ ಆಡಮ್ ಆರ್ಚಿಬಾಲ್ಡ್ ಕೆಲಸ ಮುಂದುವರಿಸಿದರು. ಅವರಿಗೆ ರಕ್ಷಣೆ ಕೊಡಲು ಜೇಮ್ಸ್ ಕರ್ಕ್ ಎಂಬ ಅಧಿಕಾರಿ ಲೂಯಿಸ್ ಮೆಷಿನ್‌ಗನ್ ಹಿಡಿದು ತೆಪ್ಪದಲ್ಲಿ ಆಚೆ ದಡದ ಸನಿಹಕ್ಕೆ ಹೋಗಿ, ಹತ್ತು ಗಜ ದೂರದಿಂದ ಗುಂಡು ಹಾರಿಸುತ್ತಲೇ ಇದ್ದ. ಗಾಯಗೊಂಡರೂ ನಿಲ್ಲಿಸಲಿಲ್ಲ, ಅಲ್ಲೇ ಸತ್ತ. ಆ ಅವಕಾಶದಲ್ಲಿ ಎರಡು ತುಕಡಿಗಳು ದಾಟಿದವು. ಆರ್ಸ್‌ನ ಹೋರಾಟಕ್ಕೆ ನಾಲ್ಕು ವಿಕ್ಟೋರಿಯಾ ಕ್ರಾಸ್ ಪದಕಗಳು ಬಂದವು, ಎರಡು ಮರಣೋತ್ತರ.

ಅಂದು ಸತ್ತವರಲ್ಲಿ ಕವಿ ವಿಲ್ಫ್ರೆಡ್ ಓವೆನ್ ಕೂಡ ಒಬ್ಬ, ವಯಸ್ಸು 25. ಯುದ್ಧದ ಬಗ್ಗೆ ಇಂಗ್ಲಿಷಿನಲ್ಲಿ ಅವನಷ್ಟು ನಿಷ್ಠುರವಾಗಿ ಬರೆದವರು ಕಡಿಮೆ. ಸಾವಿನ ಸುದ್ದಿಯ ತಂತಿ ಇಂಗ್ಲೆಂಡಿನ ಶ್ರೂಸ್‌ಬರಿಯ ಮನೆಗೆ ತಲುಪಿದ್ದು ನವೆಂಬರ್ 11ರಂದು, ಕದನವಿರಾಮದ ದಿನ. ಮಗನ ಟಿಪ್ಪಣಿ ಪುಸ್ತಕದಲ್ಲಿ ರವೀಂದ್ರನಾಥ ಟ್ಯಾಗೋರರ ‘ಗೀತಾಂಜಲಿ’ಯ ಸಾಲುಗಳಿದ್ದವೆಂದು ತಾಯಿ 1920ರಲ್ಲಿ ಟ್ಯಾಗೋರರಿಗೇ ಪತ್ರ ಬರೆದರು. ಓವೆನ್ ಸಮಾಧಿ ಆರ್ಸ್‌ನಲ್ಲೇ ಇದೆ.

ಎರಡನೆಯ ಮಹಾಯುದ್ಧದಲ್ಲಿ ಈ ಜಲರೇಖೆ ಯಾರನ್ನೂ ಹೆಚ್ಚು ಹೊತ್ತು ತಡೆಯಲಿಲ್ಲ. 1940ರ ಮೇ 17ರಂದು ಜರ್ಮನ್ ಸೇನಾನಿ ರೊಮೆಲ್‌ನ ಟ್ಯಾಂಕುಗಳು ಲಾಂಡ್ರೆಸಿಯಲ್ಲೇ ಸಾಂಬ್ರ್ ದಾಟಿದವು.

2006ರಲ್ಲಿ ವಾಡಾಂಕೂರ್ ಬಳಿ ನದಿಯ ಮೇಲೆ ಕಾಲುವೆಯನ್ನು ಹಾಯಿಸುವ ಮೇಲ್ಗಾಲುವೆ ಅಪಾಯಕಾರಿಯಾಗಿ ದೋಣಿ ಸಂಚಾರ ನಿಂತಿತು. ದುರಸ್ತಿಯ ನಂತರ 2021ರಲ್ಲಿ ಮತ್ತೆ ಆರಂಭವಾದ ಮೇಲೆ ಇಲ್ಲಿ ಓಡಾಡುವುದು ಹೆಚ್ಚಾಗಿ ಪ್ರವಾಸಿ ದೋಣಿಗಳು.