ಕಡ್ಡಿಯಿಂದ ಗೇಣುದ್ದದ ಮರದವರೆಗೆ: ಆಲ್ದೂರಿನ ಒಂದು ಹಿತ್ತಿಲು

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆ ಹೊರಟರೆ ಸುಮಾರು 20 ಕಿ.ಮೀ. ದೂರದಲ್ಲಿ ಆಲ್ದೂರು. ಪೇಟೆ ದಾಟಿ ಮಣ್ಣುರಸ್ತೆಗೆ ತಿರುಗಿ, ಕಾಫಿ ತೋಟಗಳ ನಡುವೆ ಇಳಿದರೆ ಹೆಂಚಿನ ಮನೆಯೊಂದು ಸಿಗುತ್ತದೆ. ಕಡ್ಡಿಯಿಂದ, ಎಲೆಯಿಂದ ಮನೆಗಿಡ ಬೆಳೆಸುವುದು, ಕುಂಡದಲ್ಲಿ ಪುಟ್ಟ ಮರ ಸಾಕುವುದು ಈ ಮನೆಯವರ ಹಳೆಯ ಹವ್ಯಾಸ ಎಂದು ಕೇಳಿ ನೋಡಲು ಹೋಗಿದ್ದೆ. ಪುನರ್ವಸು ಮಳೆ ತುಸು ಹೊಳವಾಗಿದ್ದ ಬೆಳಗು. ಮರಗಳಿಂದ ಹನಿ ಇನ್ನೂ ಉದುರುತ್ತಿತ್ತು.

ಒಳಗೆ ಕಾಲಿಡುವ ಮೊದಲೇ ಬೇಲಿ ಕಣ್ಣಿಗೆ ಬಿತ್ತು. ಅದರ ಗೂಟಗಳೆಲ್ಲ ಚಿಗುರಿದ್ದವು. ಗ್ಲಿರಿಸಿಡಿಯಾ, ನಡುನಡುವೆ ದಾಸವಾಳ, ಮೂಲೆಗಳಲ್ಲಿ ಹಾಲುವಾಣ. ಮಲೆನಾಡಿನಲ್ಲಿ ಇದನ್ನು ಯಾರೂ ನಿಂತು ನೋಡುವುದಿಲ್ಲ. ಮುಂಗಾರು ಹಿಡಿಯುತ್ತಿದ್ದಂತೆ ಆಳೆತ್ತರದ ಹಾಲುವಾಣದ ಕೊಂಬೆ ಕಡಿದು ನೆಟ್ಟರೆ ಅದು ಬೇರುಬಿಟ್ಟು ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಆಗುತ್ತದೆ ಎಂಬುದು ತೋಟದ ಕೆಲಸ ಬಲ್ಲ ಎಲ್ಲರಿಗೂ ಗೊತ್ತು. ನಗರದ ಬಾಲ್ಕನಿಯಲ್ಲಿ ಕುತೂಹಲದಿಂದ ಕಲಿಯುವ ವಿದ್ಯೆ ಇಲ್ಲಿ ಬೇಲಿ ಕಟ್ಟುವ ಕೆಲಸದೊಳಗೇ ಸೇರಿಹೋಗಿದೆ. ಹಾಗಾಗಿ ಒಳಗೆ ಏನಿರಬಹುದೆಂಬ ನಿರೀಕ್ಷೆ ಅಲ್ಲೇ ಹೆಚ್ಚಾಯಿತು.

ಅಂಗಳದ ಅಂಚಿನಲ್ಲಿ ಆಂಥೂರಿಯಂ ಕುಂಡಗಳ ಸಾಲು. ಮಣ್ಣಿನ ಬದಲು ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆಯ ಚೂರು. ಈ ಗಿಡ ವರ್ಷ ಕಳೆದಂತೆ ಕೆಳಗಿನ ಎಲೆ ಉದುರಿಸಿಕೊಂಡು ಮೇಲೆ ಮೇಲೆ ಹೋಗುತ್ತದೆ. ಬರಿದಾದ ಕಾಂಡದ ಸುತ್ತ ದಪ್ಪ ಬೇರುಗಳು ಗಾಳಿಯಲ್ಲೇ ಹುಟ್ಟುತ್ತವೆ. ಒಂದೆರಡು ಬೇರು ಮೇಲಿನ ತುಂಡಿಗೆ ಉಳಿಯುವಂತೆ ಕತ್ತರಿಸಿ ಬೇರೆ ಕುಂಡದಲ್ಲಿಟ್ಟರೆ ಅದು ನೇರ ಗಿಡವೇ. ಕೆಳಗುಳಿದ ಮೋಟಿನಿಂದಲೂ ಮರಿಗಳು ಬರುತ್ತವೆ. ಹಾಗೆ ಕತ್ತರಿಸಿದ ಮೋಟೊಂದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟೇ ದೊಡ್ಡ ಕೆಂಪು ಮೊಳಕೆಯೊಂದು ತಲೆಯೆತ್ತಿತ್ತು.

ಜಗಲಿಯ ಕಿಟಕಿಯಲ್ಲಿ ಗಾಜಿನ ಸೀಸೆಗಳು. ಎಲ್ಲದರಲ್ಲೂ ಮನಿಪ್ಲಾಂಟ್ ಬಳ್ಳಿಯ ತುಂಡುಗಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಗಿಣ್ಣಿನ ಎದುರು ಬದಿಯಲ್ಲಿ ಕಂದು ಬಣ್ಣದ ಸಣ್ಣ ಗುಬುಟು. ಅದರಿಂದ ನೀರೊಳಗೆ ಬಿಳಿಯ ಬೇರು, ತುದಿಯಲ್ಲಿ ಇನ್ನೂ ಪಾರದರ್ಶಕ. ಪಕ್ಕದ ಸೀಸೆಯಲ್ಲಿ ಬರೀ ಎಲೆ, ತೊಟ್ಟು ಮಾತ್ರ. ವಾರಗಟ್ಟಲೆ ಹಸಿರಾಗಿಯೇ ಇದ್ದರೂ ಅದು ಬಳ್ಳಿಯಾಗುವುದಿಲ್ಲ, ಏಕೆಂದರೆ ಮೊಗ್ಗು ಇರುವುದು ಗಿಣ್ಣಿನಲ್ಲಿ. ಮಕ್ಕಳಿಗೆ ತೋರಿಸಲೆಂದೇ ಅದನ್ನು ಪಕ್ಕದಲ್ಲಿಟ್ಟಿದ್ದಾರಂತೆ. ನೀರಲ್ಲಿ ಹುಟ್ಟಿದ ಬೇರು ಉದ್ದವಾದಷ್ಟೂ ಮಣ್ಣಿಗೆ ಹೊಂದಿಕೊಳ್ಳಲು ಕಷ್ಟಪಡುತ್ತದೆ, ಹಾಗಾಗಿ ಬೆರಳಿನ ಎರಡು ಗೆಣ್ಣಿನಷ್ಟಾದ ಕೂಡಲೇ ಕುಂಡಕ್ಕೆ ಹಾಕುತ್ತಾರೆ. ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬುತ್ತಾರೆ. ಸೊಳ್ಳೆಮರಿ ಆಗದಿರಲು ಇದು ಬೇಕೇ ಬೇಕು.

ಅದೇ ಕಿಟಕಿಯ ಕೆಳಗೆ ಸ್ನೇಕ್ ಪ್ಲಾಂಟ್. ತಾಯಿಗಿಡದ ಎಲೆಗೆ ಹಳದಿ ಅಂಚು. ಅದರ ಎಲೆಯನ್ನು ತುಂಡರಿಸಿ ನೆಟ್ಟು ಪಡೆದ ಮರಿಗಳಿಗೆ ಅಂಚೇ ಇಲ್ಲ, ಪೂರ್ತಿ ಹಸಿರು. ಮೊದಲು ಬೇರೆ ತಳಿಯಿರಬೇಕು ಎಂದುಕೊಂಡೆ. ಅಲ್ಲ. ಆ ಹಳದಿ ಅಂಚು ಎಲೆಯ ಒಂದು ಪದರದ ಜೀವಕೋಶಗಳಲ್ಲಿ ಮಾತ್ರ ಇರುವ ಗುಣ. ಎಲೆತುಂಡಿನಿಂದ ಹೊಸ ಮೊಳಕೆ ಹುಟ್ಟುವಾಗ ಅದು ಹಸಿರು ಕೋಶಗಳಿಂದ ಹುಟ್ಟುತ್ತದೆ, ಅಂಚು ಕಳೆದುಹೋಗುತ್ತದೆ. ಅಂಚು ಉಳಿಯಬೇಕಾದರೆ ಬುಡದ ಮರಿಯನ್ನೇ ಗಡ್ಡೆ ಸಮೇತ ಬಿಡಿಸಿ ನೆಡಬೇಕು. ಒಂದೇ ಗಿಡ, ತುಂಡು ಎಲ್ಲಿಂದ ತೆಗೆದೆವು ಎನ್ನುವುದರ ಮೇಲೆ ಎರಡು ಬಗೆಯ ಮಕ್ಕಳು. ಈ ಮಾತು ಮುಂದೆ ಮೆಣಸಿನ ಕಡ್ಡಿಗಳ ಬಳಿ ಇನ್ನೂ ಚೆನ್ನಾಗಿ ಅರ್ಥವಾಯಿತು.

ಮನೆಯ ಬಲಬದಿಯಲ್ಲಿ ಬಿದಿರಿನ ಗಳುಗಳನ್ನು ಬಗ್ಗಿಸಿ ಪ್ಲಾಸ್ಟಿಕ್ ಹೊದಿಸಿದ ತಗ್ಗು ಮಾಡು. ಬಗ್ಗಿ ಒಳಗೆ ಇಣುಕಿದರೆ ಬೆಚ್ಚನೆಯ ಹಬೆ ಮುಖಕ್ಕೆ ಬಡಿಯಿತು, ಕನ್ನಡಕ ಮಂಜಾಯಿತು. ಒಳಗೆ ಪಾಲಿಥೀನ್ ಚೀಲಗಳಲ್ಲಿ ಮೆಣಸಿನ ಕಡ್ಡಿಗಳು. ಮನೆಗಿಡ ನೋಡಲು ಬಂದವನಿಗೆ ಮೆಣಸು ಯಾಕೆ ಎಂದು ಅನಿಸಬಹುದು. ನನಗೆ ಈ ಭೇಟಿಯಲ್ಲಿ ಹೆಚ್ಚು ತಿಳಿದದ್ದು ಇಲ್ಲಿಯೇ.

ಮೆಣಸಿನ ಬಳ್ಳಿಯಲ್ಲಿ ಎರಡು ಬಗೆಯ ಕವಲುಗಳಿವೆ. ಬುಡದಿಂದ ನೆಲದ ಮೇಲೆ ಹರಿಯುವ ಹಂಬುಗಳು ಒಂದು ಬಗೆ. ಇವು ಮಣ್ಣು ಮುಟ್ಟಿ ಬೇರುಬಿಡದಂತೆ ತೋಟದಲ್ಲಿ ಗೂಟ ನೆಟ್ಟು ಸುರುಳಿ ಸುತ್ತಿಡುತ್ತಾರೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕತ್ತರಿಸಿ, ಎರಡು ಮೂರು ಗಿಣ್ಣಿನ ತುಂಡು ಮಾಡಿ ಚೀಲಕ್ಕೆ ಹಾಕುತ್ತಾರೆ. ಅವು ಮರ ಹತ್ತುವ ಬಳ್ಳಿಗಳಾಗುತ್ತವೆ. ಇನ್ನೊಂದು ಬಗೆ, ಬಳ್ಳಿ ಮೇಲೇರಿದ ಮೇಲೆ ಪಕ್ಕಕ್ಕೆ ಚಾಚುವ, ಕಾಳು ಬಿಡುವ ಅಡ್ಡಗವಲು. ಇದನ್ನು ಬೇರು ಬರಿಸಿ ನೆಟ್ಟರೆ ಅದು ಹತ್ತುವುದೇ ಇಲ್ಲ. ಅಡ್ಡಗವಲಿಗೆ ಅಡ್ಡ ಬೆಳೆಯುವುದೇ ಸ್ವಭಾವ. ಆದ್ದರಿಂದ ಪೊದೆಯಾಗಿ ಕೂತು ಕುಂಡದಲ್ಲೇ ಕಾಳು ಬಿಡುತ್ತದೆ. ಬುಷ್ ಪೆಪ್ಪರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಮಾಡಿನ ಬಾಗಿಲಲ್ಲಿದ್ದ ಒಂದು ಕುಂಡ ನನ್ನ ಮೊಣಕಾಲಿನ ಎತ್ತರಕ್ಕೂ ಬಂದಿರಲಿಲ್ಲ, ಆದರೆ ಎಲೆಗಳ ಎದುರು ಹಸಿರು ತೆನೆಗಳು ಇಳಿಬಿದ್ದಿದ್ದವು. 1971ರಲ್ಲಿ ಕೇರಳದಿಂದ ಬಂದ ಪಣಿಯೂರು-1 ತಳಿಯ ಕವಲಂತೆ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಿಸಿಲು ಕಡಿಮೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ಹೇಳಲಾರೆ. ಅರೆನೆರಳೇ ಇದರ ಊರು.

ಆದರೆ ಅಡ್ಡಗವಲು ಬೇರು ಬಿಡಲು ಹಂಬಿನಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕಡ್ಡಿಗಳಲ್ಲಿ ಕೆಲವು ಬುಡದಲ್ಲಿ ಕಪ್ಪಾಗಿ ಕೊಳೆತಿದ್ದವು. ಅದಕ್ಕೇ ಕೆಲವಕ್ಕೆ ಕಸಿ ಕಟ್ಟಿದ್ದಾರೆ: ಕೆಳಗೆ ದಕ್ಷಿಣ ಅಮೆರಿಕ ಮೂಲದ ಹಿಪ್ಪಲಿಯ ಕಾಂಡ, ಮೇಲೆ ನಮ್ಮ ಮೆಣಸು. ಆ ಹಿಪ್ಪಲಿ ಜೌಗಿನಲ್ಲೂ ಬದುಕುತ್ತದೆ, ಮೆಣಸಿನ ಬಳ್ಳಿಯನ್ನು ಬುಡದಿಂದಲೇ ಕೊಲ್ಲುವ ಸೊರಗು ರೋಗಕ್ಕೆ ಬಗ್ಗುವುದಿಲ್ಲ. ಕೆಳಗಿನ ಕಾಂಡವನ್ನು ಸೀಳಿ, ಮೇಲಿನದನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದರು. ಕೂಡಿಕೊಂಡ ಜಾಗದಲ್ಲಿ ಕಾಂಡ ಸ್ವಲ್ಪ ಊದಿಕೊಂಡಿತ್ತು. ಬೇರು ಹಿಪ್ಪಲಿಯದು, ತೆನೆ ಮೆಣಸಿನದು.

ಮಾಡಿನ ಹಿಂದೆ ಒಂದು ಗುಲಾಬಿ ಬಣ್ಣದ ದಾಸವಾಳಕ್ಕೆ ಗೂಟಿ ಕಟ್ಟಿದ್ದರು. ಪೆನ್ಸಿಲಿಗಿಂತ ತುಸು ದಪ್ಪದ ರೆಂಬೆಯಲ್ಲಿ ಒಂದು ಇಂಚು ಅಗಲದ ತೊಗಟೆ ಸುತ್ತಲೂ ತೆಗೆದು, ಲೋಳೆ ಕೆರೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ ಎರಡೂ ಕಡೆ ಬಿಗಿದದ್ದು. ಎಲೆ ತಯಾರಿಸಿದ ಆಹಾರ ತೊಗಟೆಯ ಮೂಲಕ ಕೆಳಗಿಳಿಯುತ್ತದೆ. ತೊಗಟೆ ಇಲ್ಲದಲ್ಲಿ ಅದು ನಿಂತು, ಅಲ್ಲೇ ಬೇರು ಹುಟ್ಟುತ್ತದೆ. ನೀರು ಮಾತ್ರ ಒಳಗಿನ ಕಟ್ಟಿಗೆಯಲ್ಲಿ ಏರುತ್ತಲೇ ಇರುವುದರಿಂದ ರೆಂಬೆ ಬಾಡುವುದಿಲ್ಲ. ಪ್ಲಾಸ್ಟಿಕ್ಕಿನ ಒಳಗೆ ಬಿಳಿಯ ಎಳೆಗಳು ಕಂಡವು. ಇದೇ ಉಪಾಯದಿಂದ ದಪ್ಪ ಕೊಂಬೆಯನ್ನೇ ಇಳಿಸಿಕೊಂಡರೆ ಬೋನ್ಸಾಯ್‌ಗೆ ಬೇಕಾದ ದಪ್ಪ ಕಾಂಡ ಕೆಲವೇ ತಿಂಗಳಲ್ಲಿ ಸಿಗುತ್ತದೆ. ಬೀಜದಿಂದ ಹೊರಟರೆ ಅದಕ್ಕೆ ವರ್ಷಗಳೇ ಬೇಕು.

ಕೊನೆಗೆ ಹಿತ್ತಿಲು. ಸೂರಿಗೆ ಹೊಂದಿಕೊಂಡು ಪಾರದರ್ಶಕ ಶೀಟು ಹಾಕಿ, ಕೆಳಗೆ ಕಲ್ಲುಚಪ್ಪಡಿಯ ಕಟ್ಟೆ. ಕಟ್ಟೆಯ ಮೇಲೆ ಮರಗಳು. ಆಲ, ಬಸರಿ, ಅತ್ತಿ, ಕಾಗದದ ಹೂ, ಕಾಮಿನಿ. ಜಪಾನೀಯರು ಶೋಹಿನ್ ಎನ್ನುವ, ಒಂದು ಗೇಣನ್ನು ಮೀರದ ಗಾತ್ರದವೇ ಹೆಚ್ಚು. ಕೆಲವಂತೂ ಅಂಗೈಯಲ್ಲಿ ಕೂರುವಷ್ಟು. ಒಂದು ಬಸರಿಯ ವಯಸ್ಸು ಎಷ್ಟಿರಬಹುದೆಂದು ಊಹಿಸಲು ನೋಡಿದೆ, ಆಗಲಿಲ್ಲ. ಬುಡ ಮುದುಕನದು, ಕೊಂಬೆ ಎಳೆಯದು. ಹೆಂಚಿನ ದೋಣಿಯಲ್ಲಿ ಹುಟ್ಟಿದ್ದನ್ನು ಕಿತ್ತು ತಂದದ್ದು ಎಂದರು. ಪಿಕಳಾರ, ಕುಟ್ರುಹಕ್ಕಿಗಳು ಹಣ್ಣು ತಿಂದು ಎಲ್ಲೆಲ್ಲೋ ಬೀಜ ಹಾಕುತ್ತವೆ. ಸೂರಿನ ಸಂದಿಯಲ್ಲಿ ಚೂರೇ ಚೂರು ಮಣ್ಣಿನಲ್ಲಿ ಬದುಕಿದ ಸಸಿಗೆ ಅಗಲ ಬುಡ, ಕುಗ್ಗಿದ ಎಲೆ ತಾನಾಗಿಯೇ ಬಂದಿರುತ್ತದೆ. ಬೋನ್ಸಾಯ್ ಕಲಿಯುವವರು ದುಡ್ಡು ಕೊಟ್ಟು ಹುಡುಕುವ ಗುಣಗಳೂ ಇವೇ.

ಅತ್ತಿಯ ಕುಂಡವೊಂದರಲ್ಲಿ ಎಲೆ ಚಿಕ್ಕದು, ಆದರೆ ಕಾಂಡಕ್ಕೆ ಅಂಟಿದ್ದ ಕಾಯಿ ಮಾತ್ರ ತೋಟದ ಅತ್ತಿಯದ್ದರಷ್ಟೇ ದೊಡ್ಡದು. ಮೊದಲು ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಬೋನ್ಸಾಯ್ ಎಂಬುದು ಕುಳ್ಳ ತಳಿಯಲ್ಲ. ಬೀಜ, ಗುಣ ಎಲ್ಲ ದೊಡ್ಡ ಮರದ್ದೇ. ಬೇರು ಸವರಿ, ಕುಡಿ ಚಿವುಟಿ, ಎಲೆ ಕಿತ್ತು ಗಾತ್ರ ತಗ್ಗಿಸಬಹುದು. ಹೂವು, ಹಣ್ಣು ಅದಕ್ಕೆ ಬಗ್ಗುವುದಿಲ್ಲ.

ಈ ಊರಿನಲ್ಲಿ ಬೋನ್ಸಾಯ್‌ಗೆ ಕಷ್ಟ ನೀರಿನದಲ್ಲ, ನೀರು ಹೊರಹೋಗುವುದರದ್ದು. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬಿಡದೆ ಸುರಿಯುವಾಗ ತಟ್ಟೆಯಂಥ ಕುಂಡದಲ್ಲಿ ಬೇರು ಕೊಳೆಯುವುದು ಬೇಗ. ತೋಟದಲ್ಲಿ ಕಾಫಿ ಸಸಿಯ ಚೀಲಕ್ಕೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು ಎಂಬುದು ರೂಢಿಯ ಲೆಕ್ಕ. ಇಲ್ಲಿ ಅದು ಪೂರ್ತಿ ತಿರುವುಮುರುವು. ಹಳೆಯ ಹೆಂಚುಗಳನ್ನು ಕುಟ್ಟಿ, ಜರಡಿ ಹಿಡಿದು, ಪುಡಿಯನ್ನು ಎಸೆದು, ಕಡಲೆಕಾಳಿನ ಗಾತ್ರದ ಚೂರುಗಳನ್ನೇ ತುಂಬುತ್ತಾರೆ, ಮೇಲಿಷ್ಟು ಎಲೆಗೊಬ್ಬರ. ಹೆಂಚಿನ ಚೂರು ಒಳಗೆ ತೇವ ಹಿಡಿಯುತ್ತದೆ, ಚೂರುಗಳ ನಡುವೆ ಗಾಳಿ ಆಡುತ್ತದೆ. ಒಂದು ಚೊಂಬು ನೀರು ಹೊಯ್ದು ತೋರಿಸಿದರು: ನಾನು ಕುಂಡದ ಕೆಳಗೆ ಬಗ್ಗುವಷ್ಟರಲ್ಲಿ ತೂತಿನಿಂದ ಸುರಿದು ಹೋಗಿತ್ತು. ಬೇಸಿಗೆಯಲ್ಲಿ ಮಾತ್ರ ಇದೇ ಗುಣ ತೊಂದರೆ. ಅಂಗೈ ಗಾತ್ರದ ಕುಂಡ ಮಧ್ಯಾಹ್ನದೊಳಗೆ ಒಣಗುವುದರಿಂದ, ಆಗ ಎಲ್ಲವನ್ನೂ ಒದ್ದೆ ಮರಳಿನ ತಟ್ಟೆಯಲ್ಲಿ ಇಡುತ್ತಾರೆ.

ಕಾಮಿನಿಯ ಒಂದು ಕೊಂಬೆಯಲ್ಲಿ ಸುರುಳಿಯಾಕಾರದ ಗಾಯದ ಗುರುತಿತ್ತು. ಬಗ್ಗಿಸಲು ಸುತ್ತಿದ ಅಲ್ಯುಮಿನಿಯಂ ತಂತಿ ಕಚ್ಚಿದ್ದು. ಮಳೆಗಾಲದಲ್ಲಿ ಕೊಂಬೆ ಬೇಗ ದಪ್ಪವಾಗುತ್ತದೆ. ವಾರಕ್ಕೊಮ್ಮೆ ನೋಡದಿದ್ದರೆ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ. ತೆಗೆಯುವಾಗ ಬಿಚ್ಚಬಾರದು, ಅಲ್ಲಲ್ಲೇ ಕತ್ತರಿಸಿ ಬಿಡಿಸಬೇಕು. ಜೇಡ್ ಗಿಡಗಳನ್ನು ಈ ಕಟ್ಟೆಯಲ್ಲಿ ಇಟ್ಟೇ ಇರಲಿಲ್ಲ. ಆಫ್ರಿಕದ ಒಣನೆಲದ, ಎಲೆಯಲ್ಲೇ ನೀರು ಕೂಡಿಡುವ ಗಿಡ ಅದು. ಮಳೆಗಾಲ ಪೂರ್ತಿ ಜಗಲಿಯ ಬೆಳಕಿನ ಮೂಲೆಯಲ್ಲಿ, ಹೆಚ್ಚುಕಡಿಮೆ ನೀರಿಲ್ಲದೆ. ಅದರ ಕಡ್ಡಿಯನ್ನೂ ಕತ್ತರಿಸಿದ ಕೂಡಲೇ ನೆಡುವುದಿಲ್ಲ. ಗಾಯ ಒಣಗಲು ಕೆಲವು ದಿನ ಹಾಗೇ ಬಿಡುತ್ತಾರೆ.

ಇದಕ್ಕೆ ಎದುರಾಗಿ ಆಲಕ್ಕೆ ಈ ಹವೆ ಹಬ್ಬ. ಕುಂಡದ ಆಲದ ಕೊಂಬೆಯಿಂದ ದಾರದಂಥ ಬಿಳಲುಗಳು ಇಳಿದಿದ್ದವು, ತುದಿ ಬೆಳ್ಳಗೆ, ಒದ್ದೆಯಾಗಿ. ಬಯಲುಸೀಮೆಯ ಒಣಗಾಳಿಯಲ್ಲಿ ಕುಂಡದ ಆಲಕ್ಕೆ ಬಿಳಲು ಬರಿಸಲು ಪ್ಲಾಸ್ಟಿಕ್ ಹೊದಿಕೆ ಬೇಕಾಗುತ್ತದೆ. ಇಲ್ಲಿ ಮಳೆಗಾಲವೇ ಆ ಕೆಲಸ ಮಾಡುತ್ತದೆ. ಬೆಂಗಳೂರಿನ ಹತ್ತಿರ ರಾಮೋಹಳ್ಳಿಯ ದೊಡ್ಡ ಆಲದ ಮರ ಮೂಲ ಕಾಂಡ ಹೋದ ಮೇಲೂ ಬಿಳಲುಗಳಿಂದಲೇ ಸುಮಾರು 3 ಎಕರೆ ಹಬ್ಬಿ ನಿಂತಿದೆ. ಅದೇ ಸ್ವಭಾವ ಇಲ್ಲಿ ಒಂದು ಗೇಣಿನಲ್ಲಿ ಕಾಣುತ್ತಿತ್ತು.

ಮರವನ್ನು ಹೀಗೆ ಕುಗ್ಗಿಸುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆ ನನ್ನಲ್ಲಿತ್ತು, ಕೇಳಿದೆ. ಉತ್ತರವಾಗಿ ಬೇಲಿಯಾಚೆಯ ತೋಟ ತೋರಿಸಿದರು. ಅರೇಬಿಕಾವನ್ನು ಎರಡೂವರೆ ಅಡಿಗೆ ನೆತ್ತಿ ಕತ್ತರಿಸಿ ಬೆಳೆಸುತ್ತಾರೆ. ವರ್ಷವರ್ಷ ಚಿಗುರು ತೆಗೆದು, ಗಿಡಗಸಿ ಮಾಡಿ ಎದೆಯೆತ್ತರದಲ್ಲಿ ಹಿಡಿದಿಡುತ್ತಾರೆ. ಬಿಟ್ಟರೆ ಅದು ಮನೆಯ ಮಾಡು ಮುಟ್ಟುವ ಮರ. ಹೀಗೆ ಕತ್ತರಿಯ ಕೆಳಗೆ ಬೆಳೆದ ಕಾಫಿ ಗಿಡ ದಶಕಗಳ ಕಾಲ ಹೂಬಿಟ್ಟು ಫಸಲು ಕೊಡುತ್ತದೆ. ನನ್ನ ಪ್ರಶ್ನೆಗೆ ಪೂರ್ತಿ ಸಮಾಧಾನ ಸಿಕ್ಕಿತೆಂದು ಹೇಳಲಾರೆ. ಆದರೆ ನೋಡಿದ ಮೇಲೆ ಇಷ್ಟು ಖಚಿತ: ಹಸಿವಿನಿಂದ ಕುಳ್ಳಾದ ಗಿಡ ಹೀಗೆ ಮಿರುಗುವುದಿಲ್ಲ. ಇಲ್ಲಿ ಗೊಬ್ಬರವೂ ಸಿಗುತ್ತದೆ, ಬಿಸಿಲೂ ಸಿಗುತ್ತದೆ. ಮುಂಗಾರಿಗೆ ಮುಂಚೆ ಹಳೆಯ ಬೇರಿನ ಮೂರನೆಯ ಒಂದು ಭಾಗ ಸವರಿದಾಗ ಹೊಸ ಬೇರಿಗೆ ಜಾಗವೂ ಸಿಗುತ್ತದೆ. ಅತಿಥಿಗಳು ಬಂದಾಗ ಒಂದೆರಡು ದಿನ ಹಜಾರಕ್ಕೆ ತರುವುದು ಬಿಟ್ಟರೆ ಈ ಮರಗಳು ವರ್ಷವಿಡೀ ಹೊರಗೇ ಇರುತ್ತವೆ. ಟಿ.ವಿ. ಪಕ್ಕದಲ್ಲಿಟ್ಟ ಬೋನ್ಸಾಯ್ ಬಹುಕಾಲ ಬದುಕುವುದಿಲ್ಲ.

ಹೊರಡುವ ಮುನ್ನ ಹಿತ್ತಿಲ ತುದಿಯ ಹಲಸಿನ ಮರ ನೋಡಿದೆ. ಕಾಂಡಕ್ಕೆ ತೆಂಗಿನ ನಾರಿನಿಂದ ಕಟ್ಟಿದ ಸೀತಾಳೆ ಗಿಡಗಳು. ಹೂವಿನ ಕಾಲ ಮುಗಿದು ಒಣಗಿದ ದಂಡೆಗಳು ಜೋತುಬಿದ್ದಿದ್ದವು. ಮುಂಗಾರಿಗೆ ಮುಂಚೆ ತೋಟದ ನೆರಳುಮರಗಳ ಕೊಂಬೆ ಸವರುವ ಮರಗಸಿಯಲ್ಲಿ ನೆಲಕ್ಕೆ ಬಿದ್ದ ಕೊಂಬೆಗಳಿಂದ ಬಿಡಿಸಿ ತಂದವು ಇವೆಲ್ಲ. ಗೂಟಿಗೆ ಸುತ್ತುವ ಪಾಚಿಯೂ ಅದೇ ಕೊಂಬೆಗಳದ್ದು. ಈಚೆಗೆ ನಿಂತ ಮರಗಳಿಂದಲೇ ಪಾಚಿಯನ್ನು ಕೆರೆದು ಚೀಲ ತುಂಬುವುದನ್ನು ಬೇರೆ ಕಡೆ ಕಂಡಿದ್ದರಿಂದ ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಗಿಡ ಬೆಳೆಸುವ ಆಸೆಯಿಂದ ದಯವಿಟ್ಟು ಕಾಡಿಗೆ ಕೈ ಹಾಕಬೇಡಿ. ಮರಗಸಿಯ ಕಾಲದಲ್ಲಿ ಪರಿಚಯದ ತೋಟದವರನ್ನು ಕೇಳಿದರೆ ಬಿದ್ದ ಕೊಂಬೆಗಳಿಂದಲೇ ಒಂದು ಮನೆಗೆ ಬೇಕಾದ ಪಾಚಿ, ಸೀತಾಳೆ ಸಿಗುತ್ತದೆ. ಬೋನ್ಸಾಯ್‌ಗೆ ಸಸಿ ಬೇಕಾದರೆ ಮೊದಲು ನಿಮ್ಮದೇ ಮನೆಯ ಸೂರಿನ ದೋಣಿ, ಗೋಡೆಯ ಬಿರುಕು ನೋಡಿ. ಅಲ್ಲಿಯ ಬಸರಿಯನ್ನು ಹೇಗಿದ್ದರೂ ಕೀಳಲೇಬೇಕು. ಬೇರು ಹರಿಯದಂತೆ ಕಿತ್ತು ಕುಂಡಕ್ಕೆ ಹಾಕಿ.