ತವರಿನಿಂದ ಹೊರಡುವ ಮುನ್ನ ವಂಕಿಯ ಬಗ್ಗೆ ಯೋಚಿಸಿ

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆ ಹಿಂದಿನಿಂದ ನಡೆದುಬಂದ ಪದ್ಧತಿ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಮದುವೆಯಾಗಿ ಹೋದ ಹೆಣ್ಣುಮಗಳು ತುಂಬು ಬಸುರಿಯಾಗಿ ತವರಿಗೆ ಬರುತ್ತಾಳೆ. ಹೆರಿಗೆ, ನಾಮಕರಣ, ಬಾಣಂತನ ಮುಗಿಸಿಕೊಂಡು ಮೂರಕ್ಕೋ ಐದಕ್ಕೋ ಮಗುವಿನೊಡನೆ ಗಂಡನ ಮನೆಗೆ ಮರಳುತ್ತಾಳೆ. ನರಸೀಪುರದಿಂದ ನಂಜನಗೂಡಿಗೆ ಸೊಸೆಯಾಗಿ ಬಂದವಳದೂ ಇದೇ ಕಥೆ. ಎಣ್ಣೆ-ನೀರು, ಮೆಣಸಿನ ಸಾರು, ತೊಟ್ಟಿಲು, ಉಡಿದಾರ ಎಲ್ಲವನ್ನೂ ತವರಿನವರು ಮರೆಯದೆ ಮಾಡುತ್ತಾರೆ. ಆದರೆ ಒಂದು ಮಾತು ಮಾತ್ರ ಬಿಟ್ಟುಹೋಗುತ್ತದೆ. ಮುಂದಿನ ಮಗು ಯಾವಾಗ? ಅಲ್ಲಿಯವರೆಗೆ ಏನು ಉಪಾಯ?

ಗಂಡ ಹೆಂಡತಿ ಮತ್ತೆ ಒಟ್ಟಾಗುವುದು ಹೆಚ್ಚಾಗಿ ತವರಿನಿಂದ ಮರಳಿದ ಮೇಲೆ. ಹೆರಿಗೆ ಮಾಡಿಸಿದ ಆಸ್ಪತ್ರೆ ಆಗ ದೂರವಾಗಿರುತ್ತದೆ. ಗಂಡನ ಊರಿನ ಆರೋಗ್ಯ ಕೇಂದ್ರಕ್ಕೆ ಆಕೆ ಇನ್ನೂ ಹೊಸಬಳು. ಬೇಡದ ಬಸಿರು ನಿಲ್ಲುವುದು ಈ ಎರಡೂರ ನಡುವಿನ ಸಂದಿಯಲ್ಲೇ.

"ಇನ್ನೂ ಮುಟ್ಟೇ ಆಗಿಲ್ಲ"

ಹಾಲೂಡಿಸುತ್ತಿದ್ದೇನೆ, ಮುಟ್ಟೇ ಆಗಿಲ್ಲ, ಬಸಿರು ಹೇಗಾದೀತು ಎಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲಿರುಳು ತಾಯಿಯ ಹಾಲನ್ನಷ್ಟೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದ್ದರೆ ಮಾತ್ರ ಹಾಲೂಡಿಕೆಯನ್ನು ನಂಬಬಹುದು. ಒಂದು ತಪ್ಪಿದರೂ ನಂಬಿಕೆ ಸಲ್ಲದು. ಅಂಡ ಬಿಡುಗಡೆಯಾದ ಮೇಲೆಯೇ ಮುಟ್ಟು ಬರುವುದರಿಂದ, ಮುಟ್ಟು ಕಾಣುವ ಮೊದಲೇ ಬಸಿರು ನಿಲ್ಲಬಹುದು.

ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ ಎರಡು ವರ್ಷ ತಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಾಣಂತಿಯ ರಕ್ತ ಸುಧಾರಿಸಲು, ಮಗು ಹಾಲು ಕುಡಿದು ಬೆಳೆಯಲು ಅಷ್ಟು ಕಾಲ ಬೇಕೇ ಬೇಕು. ಆದರೆ ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಆಪರೇಷನ್ ಎಂದೇ ಅರ್ಥವಾಗಿಬಿಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಎರಡು ಮಕ್ಕಳ ನಡುವೆ ಅಂತರ ಕೊಡುವ ಮಾತು ಹಿಂದೆ ಬಿದ್ದಿದೆ.

ವಂಕಿ ಎಂದರೇನು?

ಅಂತರಕ್ಕಾಗಿ ಇರುವ ಉಪಾಯಗಳಲ್ಲಿ ಒಂದು ವಂಕಿ, ಅಂದರೆ ಕಾಪರ್-ಟಿ. ಇದು ಇಂಗ್ಲಿಷಿನ ಟಿ ಅಕ್ಷರದ ಆಕಾರದ, ಮೂರೂವರೆ ಸೆಂಟಿಮೀಟರಿನಷ್ಟು ಉದ್ದದ ಪ್ಲಾಸ್ಟಿಕ್ ಸಾಧನ. ಮೈಗೆ ತಾಮ್ರದ ತಂತಿ ಸುತ್ತಿರುತ್ತದೆ. ತಾಮ್ರದ ಅಂಶ ಗರ್ಭಕೋಶದೊಳಗೆ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುವುದರಿಂದ ಅವು ಅಂಡವನ್ನು ಕೂಡಲಾರವು. ಇದು ಗರ್ಭಪಾತ ಮಾಡಿಸುವ ಸಾಧನವಲ್ಲ. ಕಾಪರ್-ಟಿ 380ಎ ಹತ್ತು ವರ್ಷ, 375 ಎಂಬ ಇನ್ನೊಂದು ಬಗೆ ಐದು ವರ್ಷ ಕೆಲಸ ಮಾಡುತ್ತದೆ. ಹಾಕಿಸಿಕೊಂಡ ನೂರು ಮಂದಿಯಲ್ಲಿ ಮೊದಲ ವರ್ಷ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ಬೇಡವೆನಿಸಿದಾಗ ತೆಗೆಸಿದರೆ ಫಲವಂತಿಕೆ ಬೇಗನೆ ಮರಳುತ್ತದೆ.

ಇದರಲ್ಲಿ ಹಾರ್ಮೋನು ಇಲ್ಲ. ಆದ್ದರಿಂದ ಎದೆಹಾಲು ಕಡಿಮೆಯಾಗುವುದಿಲ್ಲ, ಹಾಲಿನ ಗುಣವೂ ಕೆಡುವುದಿಲ್ಲ. ದಿನವೂ ಗುಳಿಗೆ ನೆನಪಿಡುವ ಕಷ್ಟವೂ ಇಲ್ಲ.

ತಾಮ್ರ ಕಿಲುಬು ಹಿಡಿಯುವುದಿಲ್ಲವೇ?

ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬಂದು ವಿಷವಾಗುತ್ತದೆ ಎಂಬುದು ನಮ್ಮ ಅಡುಗೆಮನೆಯ ತಿಳಿವಳಿಕೆ. ಹಾಗಾಗಿ ಮೈಯೊಳಗೆ ತಾಮ್ರ ಇಟ್ಟರೆ ಬಾಣಂತಿಗೆ ನಂಜಾಗದೇ ಎಂದು ಹಿರಿಯರು ಕೇಳುವುದು ಸಹಜ. ಆದರೆ ವಂಕಿಯಿಂದ ಹೊರಬರುವ ತಾಮ್ರ ಅತ್ಯಲ್ಪ. ನಾವು ದಿನನಿತ್ಯ ಊಟದಲ್ಲಿ ಸೇವಿಸುವ ತಾಮ್ರಕ್ಕಿಂತಲೂ ಬಹಳ ಕಡಿಮೆ. ವಂಕಿ ಹೊಟ್ಟೆಯಿಂದ ಎದೆಗೆ ಏರುತ್ತದೆ ಎಂಬುದೂ ಸುಳ್ಳು. ಹಾಕುವಾಗ ಗರ್ಭಕೋಶಕ್ಕೆ ರಂಧ್ರವಾಗುವ ಸಂಭವ ಉಂಟು, ಆದರೆ ಅದು ಸಾವಿರಕ್ಕೊಂದರಂತೆ ಅಪರೂಪ. ಹಾಲೂಡಿಸುವವರಲ್ಲಿ ಈ ಸಂಭವ ಸ್ವಲ್ಪ ಹೆಚ್ಚಿರುವುದರಿಂದ ತರಬೇತಿ ಪಡೆದವರಿಂದಲೇ ಹಾಕಿಸಿಕೊಳ್ಳಬೇಕು.

ಹಿರಿಯರ ಅಂಜಿಕೆಗೆ ಹಳೆಯ ಕಾರಣವೂ ಇದೆ. ನಮ್ಮ ದೇಶದಲ್ಲಿ 1965ರಲ್ಲಿ ಲೂಪ್ ಎಂಬ ಪ್ಲಾಸ್ಟಿಕ್ ಸಾಧನ ಬಂತು. ಆತುರದಿಂದ ಸಾವಿರಾರು ಮಂದಿಗೆ ಹಾಕಲಾಯಿತು. ರಕ್ತ ಹೋಗುತ್ತದೆ ಎಂದು ಬಂದವರ ದೂರನ್ನು ಸರಿಯಾಗಿ ಕೇಳುವವರಿರಲಿಲ್ಲ. ಸಾಧನಕ್ಕಿಂತ ಹೆಚ್ಚಾಗಿ ಅಲಕ್ಷ್ಯವೇ ಅದಕ್ಕೆ ಕೆಟ್ಟ ಹೆಸರು ತಂದಿತು. ಪ್ರಪಂಚದಲ್ಲೇ ಮೊದಲ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳು 1930ರಲ್ಲಿ ತೆರೆದದ್ದು ನಮ್ಮ ಮೈಸೂರು ಸಂಸ್ಥಾನದಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು. ಈ ವಿಷಯ ನಮ್ಮ ಸೀಮೆಗೆ ಹೊಸದಲ್ಲ.

ಯಾವಾಗ ಹಾಕಿಸಬೇಕು?

ಹೆರಿಗೆಯಾಗಿ ಮಾಸು ಬಿದ್ದ ಹತ್ತು ನಿಮಿಷದೊಳಗೆ ಅಥವಾ ಮೊದಲ 48 ಗಂಟೆಯೊಳಗೆ ವಂಕಿ ಹಾಕಬಹುದು. ಸಿಸೇರಿಯನ್ ಆದರೆ ಹೊಲಿಗೆ ಹಾಕುವ ಮೊದಲೇ ಇಡಬಹುದು. ಈ ಅವಧಿ ಮೀರಿದರೆ ಆರು ವಾರ ಕಳೆದ ಮೇಲೆ ಹಾಕಿಸುವುದು ಇಲ್ಲಿನ ರೂಢಿ. ಹೆರಿಗೆಯ ಜೊತೆಗೇ ಹಾಕಿಸಿದರೆ ಮತ್ತೊಮ್ಮೆ ಆಸ್ಪತ್ರೆಗೆ ಓಡಾಡುವುದು ತಪ್ಪುತ್ತದೆ. ಆದರೆ ತಾನಾಗಿ ಜಾರಿ ಬೀಳುವ ಸಂಭವ ಹೆಚ್ಚು. ಆರು ವಾರದ ನಂತರ ಹಾಕಿಸಿದರೆ ಜಾರುವ ಭಯ ಕಡಿಮೆ. ಆದರೆ "ಇವತ್ತು ನಾಳೆ" ಎನ್ನುತ್ತಾ ತವರಿನಿಂದ ಹೊರಡುವ ದಿನವೇ ಬಂದುಬಿಡುತ್ತದೆ. ಎರಡರಲ್ಲಿ ಯಾವುದು ಅನುಕೂಲವೋ ನೀವೇ ತೀರ್ಮಾನಿಸಬೇಕು.

ಈ ತೀರ್ಮಾನ ಹೆರಿಗೆ ನೋವಿನ ನಡುವೆ ಆಗಬಾರದು. ಬಸುರಿಯಾಗಿರುವಾಗಲೇ, ತಪಾಸಣೆಗೆ ಹೋದ ದಿನ ವೈದ್ಯರನ್ನೋ ಆರೋಗ್ಯ ಸಹಾಯಕಿಯನ್ನೋ ಕೇಳಿ ತಿಳಿಯಿರಿ. ಸಾಧ್ಯವಾದರೆ ಗಂಡನನ್ನೂ ಕರೆದೊಯ್ಯಿರಿ. ಒಪ್ಪಿದ್ದರೆ ತಾಯಿ ಕಾರ್ಡಿನಲ್ಲಿ ಬರೆಸಿ. ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ವಂಕಿ ಹಾಕುವಂತಿಲ್ಲ. ಬೇಡವೆನ್ನುವ ಹಕ್ಕೂ ನಿಮ್ಮದೇ.

ಯಾರಿಗೆ ಬೇಡ?

ಹೆರಿಗೆಯ ಸಮಯದಲ್ಲಿ ನೀರು ಒಡೆದು 18 ಗಂಟೆಗಿಂತ ಹೆಚ್ಚಾಗಿದ್ದರೆ, ಜ್ವರ ಅಥವಾ ಸೋಂಕಿದ್ದರೆ, ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಆಗ ವಂಕಿ ಹಾಕಬಾರದು. ಗರ್ಭಕೋಶದ ಆಕಾರವನ್ನೇ ಬದಲಿಸಿರುವ ಗೆಡ್ಡೆ, ಕಾರಣ ತಿಳಿಯದ ರಕ್ತಸ್ರಾವ, ಗರ್ಭಕೋಶದ ಕ್ಯಾನ್ಸರ್ ಇದ್ದವರಿಗೂ ಇದು ಸಲ್ಲದು.

ರಕ್ತಹೀನತೆ ಇರುವವರು ವೈದ್ಯರೊಡನೆ ವಿವರವಾಗಿ ಮಾತನಾಡಬೇಕು. ವಂಕಿ ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಮತ್ತು ನೋವು ಹೆಚ್ಚಿರುವುದುಂಟು. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ನುಂಗಿ. ಸೊಪ್ಪು, ಕಾಳು, ರಾಗಿ ಊಟದಲ್ಲಿರಲಿ. ಸ್ರಾವ ವಿಪರೀತವಾದರೆ ಸಹಿಸಿಕೊಂಡು ಕೂರಬೇಡಿ.

ಜ್ವರ, ದುರ್ವಾಸನೆಯ ಬಿಳಿಸ್ರಾವ, ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ಮುಟ್ಟು ನಿಂತುಹೋಗುವುದು, ವಂಕಿ ಜಾರಿದಂತೆ ಅನ್ನಿಸುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ವೈದ್ಯರಿಗೆ ತೋರಿಸಿ. ವಂಕಿ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ. ಅದಕ್ಕೆ ನಿರೋಧ್ ಬೇಕು.

ವಂಕಿ ಒಗ್ಗದವರಿಗೆ ಬೇರೆ ದಾರಿಗಳಿವೆ. ಛಾಯಾ ಗುಳಿಗೆಯಲ್ಲೂ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಂತರ ವಾರಕ್ಕೆ ಒಂದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಹಾರ್ಮೋನಿನದು. ಹಾಲೂಡಿಸುವವರು ಆರು ವಾರದ ನಂತರ ಪಡೆಯಬಹುದು.

ಮಡಿಲಕ್ಕಿಯ ಜೊತೆಗೊಂದು ಚೀಟಿ

ಹಾಕಿಸಿದ ಆರು ವಾರಕ್ಕೆ ಒಮ್ಮೆ ಪರೀಕ್ಷೆ ಮಾಡಿಸಿ, ವಂಕಿ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿದುಕೊಳ್ಳಿ. ಯಾವ ಬಗೆಯದು, ಹಾಕಿದ ದಿನಾಂಕ, ತೆಗೆಸಬೇಕಾದ ವರ್ಷ ಇವಿಷ್ಟನ್ನು ಬರೆದ ಚೀಟಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಗಂಡನ ಮನೆಗೆ ಹೊರಡುವಾಗ ಅದು ನಿಮ್ಮ ಕೈಯಲ್ಲಿರಲಿ. ಊರು ಸೇರಿದ ಮೇಲೆ ಅಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸಿ. ಹಾಕಿದ ಆಸ್ಪತ್ರೆಗೇ ಹೋಗಿ ತೆಗೆಸಬೇಕೆಂದಿಲ್ಲ. ನಂಜನಗೂಡಿನಲ್ಲಿ ಹಾಕಿದ್ದನ್ನು ನರಸೀಪುರದ ತಾಲ್ಲೂಕು ಆಸ್ಪತ್ರೆಯಲ್ಲೂ, ನರಸೀಪುರದಲ್ಲಿ ಹಾಕಿದ್ದನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೂ ತೆಗೆಸಬಹುದು. ತಾವಾಗಿ ದಾರ ಎಳೆಯುವ ಸಾಹಸ ಮಾತ್ರ ಬೇಡ.

ಮಗಳನ್ನು ಮಡಿಲಕ್ಕಿ ಕಟ್ಟಿ ಕಳುಹಿಸುವ ತಾಯಂದಿರೇ, ಆ ಚೀಟಿ ಇದೆಯೇ ಎಂದು ಒಂದು ಮಾತು ಕೇಳಿ. ಸೊಸೆಯನ್ನು ಬರಮಾಡಿಕೊಳ್ಳುವ ಅತ್ತೆಯರೇ, ಎರಡನೆಯ ಮೊಮ್ಮಗುವಿಗೆ ಅವಸರಪಡಬೇಡಿ. ತೊಟ್ಟಿಲಲ್ಲಿರುವ ಕೂಸಿಗೆ ತಾಯಿಯ ಹಾಲು ಮತ್ತು ಆರೋಗ್ಯ ಇನ್ನೂ ಎರಡು ವರ್ಷ ಬೇಕು.